ಧ್ವನಿ ಸ್ಪಷ್ಟತೆ: 5ಕ್ಕೆ 5

ರಾಯಚೂರು ಕೋಟೆಯ ಗೋಡೆಯಲ್ಲಿ 40 ಅಡಿಗೂ ಉದ್ದದ ಒಂದೇ ಕಲ್ಲು ಇದೆ. ಅದರ ಮೇಲೆ 1294ರ ಶಾಸನ. ಕೊರೆಸಿದವರು ಶಾಸನಕ್ಕೇ ಸುಮ್ಮನಾಗಲಿಲ್ಲ. ಆ ಕಲ್ಲನ್ನು ಗಾಡಿಗೆ ಹೇರಿ ಎಳೆದು ತಂದ ದೃಶ್ಯವನ್ನೂ ಗೋಡೆಯ ಮೇಲೆ ಗೀಚಿಸಿದರು. ಎಳೆಯುವ ದನಗಳ ಉದ್ದನೆಯ ಸಾಲು, ಗಾಲಿ ಮೀಟುವ ಜನ, ಹುರಿದುಂಬಿಸುವವರು, ಎಲ್ಲ ಉಂಟು. ಇತಿಹಾಸದವರು ಇದನ್ನು ಅಪರೂಪದ ದಾಖಲೆ ಅನ್ನುತ್ತಾರೆ. ಹದಿನೈದು ವರ್ಷದಿಂದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಿರುವ ನನ್ನ ಕಣ್ಣಿಗೆ ಅದು ಜಿಯೋಟ್ಯಾಗ್ ಫೋಟೊ, ಅಂದರೆ ಜಾಗದ ಗುರುತು ಸಮೇತ ತೆಗೆದ ಪುರಾವೆ. ಕೆಲಸ ಮಾಡಿದರೆ ಸಾಲದು, ಮಾಡುವಾಗಿನ ಚಿತ್ರ ಅಪ್‌ಲೋಡ್ ಆಗಬೇಕು ಎಂಬುದು ನಮ್ಮೂರಿಗೆ ಏಳು ನೂರು ವರ್ಷದ ಹಿಂದೆಯೇ ಗೊತ್ತಿತ್ತು. ಒಂದೇ ವ್ಯತ್ಯಾಸ: ಅವರು ಕಲ್ಲು ತಂದಿದ್ದರು.

ನಾನು ಮೊನ್ನೆ ಮೂರು ದಿನದ ಶಿಕ್ಷಕರ ತರಬೇತಿ ಮುಗಿಸಿಕೊಂಡು ಬಂದೆ. ಎಲ್ಲಿ, ಯಾವ ಕಾಲೇಜು ಅಂತ ಕೇಳಬೇಡಿ. ಪ್ರಮೋಷನ್ ಫೈಲು ಇನ್ನೂ ಮೇಜಿನಿಂದ ಮೇಜಿಗೆ ತೆವಳುತ್ತಿದೆ.

ತರಬೇತಿ ಬೇಡ ಎನ್ನುವವನು ನಾನಲ್ಲ. ಒಂದನೇ ತರಗತಿಯ ಮಕ್ಕಳಿಗೆ ಅ ಆ ಇ ಈ ಹೇಳಿಕೊಡಲು ಈ ನಾಡಿನಲ್ಲಿ ಡಿ.ಇಡಿ. ಬೇಕು. ಹೃದಯ, ಮೂತ್ರಪಿಂಡ, ಮಿದುಳು ಕಲಿಸಲು ಏನೂ ಬೇಡ. ಎಂ.ಡಿ. ಫಲಿತಾಂಶ ಬಂದ ಮರುವಾರ ನನ್ನ ಕೈಗೆ ಸೀಮೆಸುಣ್ಣ ಬಂತು. ನನ್ನ ಮೇಷ್ಟ್ರು ನನಗೆ ಹೇಗೆ ಬೈದಿದ್ದರೋ ಹಾಗೆಯೇ ಬೈಯುತ್ತ ಪಾಠ ಶುರು ಮಾಡಿದೆ. ಅದನ್ನೇ ಬೋಧನಾ ಪರಂಪರೆ ಅಂದುಕೊಂಡಿದ್ದೆ. ಇದು ಸರಿಯಲ್ಲ ಎಂದು ಬಲ್ಲವರಿಗೆ ಬಹಳ ಹಿಂದೆಯೇ ಅನಿಸಿತ್ತು. ಪುದುಚೇರಿಯ ಜಿಪ್ಮರ್‌ನಲ್ಲಿ 1970ರ ದಶಕದಲ್ಲೇ ವೈದ್ಯ ಶಿಕ್ಷಕರಿಗೊಂದು ತರಬೇತಿ ಕೇಂದ್ರ ಹುಟ್ಟಿತು. 2009ರ ಹೊತ್ತಿಗೆ ಭಾರತೀಯ ವೈದ್ಯಕೀಯ ಪರಿಷತ್ತು ದೇಶದಾದ್ಯಂತ ಈ ಕೋರ್ಸು ಹಬ್ಬಿಸಿತು. 2019ರಲ್ಲಿ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂತು, ಮರುವರ್ಷ ಪರಿಷತ್ತೇ ಹೋಗಿ ಅದರ ಜಾಗಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. ಮಂದಿ ಬದಲಾದರೂ ಮೂರು ದಿನದ ಕೋರ್ಸು ಬದಲಾಗಲಿಲ್ಲ. ಬಡ್ತಿಗೆ ಅದು ಗಂಟುಬಿತ್ತು. ಉದ್ದೇಶ ಚಿನ್ನದಂಥದ್ದು. ನಮ್ಮ ಹಟ್ಟಿ ಗಣಿಯಲ್ಲಿ ಸಿಗುವುದೂ ಚಿನ್ನವೇ, ಆದರೆ ಒಂದು ಟನ್ ಅದಿರು ಅರೆದರೆ ಕೆಲವೇ ಗ್ರಾಂ. ತರಬೇತಿಯಲ್ಲಿ ಅಷ್ಟು ಅರೆಯುವ ತಾಳ್ಮೆ ಯಾರಿಗೂ ಇಲ್ಲ. ಅದಿರನ್ನೇ ಲ್ಯಾಮಿನೇಟ್ ಮಾಡಿ ಕೊಡುತ್ತಾರೆ.

ಮೊದಲ ದಿನದ ಮೊದಲ ಗೋಷ್ಠಿ: ಉಪನ್ಯಾಸವೆಂಬ ಹಳೆಯ ಪದ್ಧತಿಯ ದೋಷಗಳು. ಅದು ಉಪನ್ಯಾಸ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಯಾರೂ ಗಮನವಿಟ್ಟು ಕೇಳಲಾರರು ಎಂಬುದನ್ನು ಸಂಪನ್ಮೂಲ ವ್ಯಕ್ತಿಗಳು ಒಂದು ಗಂಟೆ ಹತ್ತು ನಿಮಿಷ ವಿವರಿಸಿದರು. ಸ್ಲೈಡಿನ ಮೇಲಿದ್ದ ಅಕ್ಷರ ಸಾಸಿವೆ ಗಾತ್ರದ್ದು. ಅವನ್ನು ನಮಗೆ ಓದಲಾಗುವುದಿಲ್ಲ ಎಂದು ಅವರೇ ಓದಿದರು. ಸ್ಲೈಡ್ ಓದಬಾರದು ಎಂಬ ಸ್ಲೈಡನ್ನೂ ಓದಿದರು.

ನಲವತ್ತೇಳನೇ ಸ್ಲೈಡಿಗೆ ಕರೆಂಟು ಹೋಯಿತು. ಅರ್ಧ ರಾಜ್ಯಕ್ಕೆ ದೀಪ ಹಚ್ಚಿದ ಶಕ್ತಿನಗರದ ಚಿಮಣಿಗಳು ಇಲ್ಲೇ ಇಪ್ಪತ್ತು ಕಿಲೋಮೀಟರ್ ಆಚೆ. ದೀಪದ ಕೆಳಗೆ ಕತ್ತಲು ಎಂಬ ಗಾದೆಯನ್ನು ನಾವು ರಾಯಚೂರಿನವರು ಗಾದೆಯಾಗಿ ಬಳಸುವುದಿಲ್ಲ, ದೂರು ಕೊಡಲು ಬಳಸುತ್ತೇವೆ. ಏಪ್ರಿಲ್ ತಿಂಗಳು. ಫ್ಯಾನ್ ನಿಂತಿತು. ಸ್ಲೈಡ್ ಇಲ್ಲದೆ ಸಂಪನ್ಮೂಲ ವ್ಯಕ್ತಿಗಳ ಸಂಪನ್ಮೂಲವೂ ನಿಂತಿತು. ಆಗ ಹಿಂದಿನ ಸಾಲಿನಲ್ಲಿ ರಟ್ಟಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ ಸರ್ಜರಿಯ ಹಿರಿಯ ಡಾಕ್ಟರು, ನಿವೃತ್ತಿಗೆ ಎರಡು ವರ್ಷ ಇದ್ದವರು, ತಮ್ಮ ಕೈಯಲ್ಲಿ ಒಬ್ಬ ಹುಡುಗನ ಅಪೆಂಡಿಕ್ಸ್ ಪತ್ತೆ ಹೇಗೆ ತಪ್ಪಿತು, ಆ ರಾತ್ರಿ ತಮ್ಮ ಪಿ.ಜಿ. ವಿದ್ಯಾರ್ಥಿನಿ ಹೇಗೆ ಹಿಡಿದಳು, ಮರುದಿನ ಇಡೀ ಯುನಿಟ್ಟಿನ ಎದುರು ತಾವು ಅದನ್ನು ಹೇಗೆ ಒಪ್ಪಿಕೊಂಡರು ಅಂತ ಹೇಳತೊಡಗಿದರು. ಯಾರೂ ಮೊಬೈಲ್ ನೋಡಲಿಲ್ಲ. ಒಬ್ಬರು ತಮ್ಮ ತಪ್ಪು ಹೇಳಿದರು. ಇನ್ನೊಬ್ಬರು ಜಗಳಕ್ಕೇ ಇಳಿದರು. ಹತ್ತು ನಿಮಿಷ ಆ ಕೋಣೆಯಲ್ಲಿ ನಿಜವಾಗಿ ಏನೋ ಕಲಿಕೆ ನಡೆಯಿತು. ಅಷ್ಟರಲ್ಲಿ ಜನರೇಟರ್ ಗುಡುಗಿತು. ‘ಸಾರಿ, ಸ್ವಲ್ಪ ಸಮಯ ಹಾಳಾಯಿತು, ಗೋಷ್ಠಿಗೆ ಮರಳೋಣ’ ಎಂದು ಸಂಪನ್ಮೂಲ ವ್ಯಕ್ತಿಗಳು ನಲವತ್ತೆಂಟನೇ ಸ್ಲೈಡ್ ತೆರೆದರು. ಅದರ ಶೀರ್ಷಿಕೆ: ಸಕ್ರಿಯ ಕಲಿಕೆ.

ಮಧ್ಯಾಹ್ನ ಒಗ್ಗರಣಿ, ಮಿರ್ಚಿ. ಇದರ ಬಗ್ಗೆ ನನ್ನ ತಕರಾರಿಲ್ಲ.

ಎರಡನೇ ದಿನ ಕ್ರಿಯಾಪದಗಳ ದಿನ. 1956ರಲ್ಲಿ ಅಮೆರಿಕದ ಶಿಕ್ಷಣತಜ್ಞ ಬ್ಲೂಮ್ ಮತ್ತು ಸಂಗಡಿಗರು ಕಲಿಕೆಯನ್ನು ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿದರು. 2001ರಲ್ಲಿ ಅವರ ಶಿಷ್ಯಪೀಳಿಗೆ ಅದನ್ನು ತಿದ್ದಿ ನಾಮಪದವಿದ್ದಲ್ಲಿ ಕ್ರಿಯಾಪದ ಕೂರಿಸಿತು. ಅಂದಿನಿಂದ ಜಗತ್ತಿನ ಮೇಷ್ಟ್ರುಗಳಿಗೆ ವ್ಯಾಕರಣವೇ ಗತಿ. ‘ವಿದ್ಯಾರ್ಥಿಯು ರಕ್ತಹೀನತೆಯನ್ನು ಅರ್ಥಮಾಡಿಕೊಳ್ಳುತ್ತಾನೆ’ ಎಂದು ನಮ್ಮ ಗುಂಪು ಬರೆದೊಡನೆ ಕೆಂಪು ಪೆನ್ನು ಬಂತು. ಅರ್ಥಮಾಡಿಕೊಳ್ಳುವುದು ಅಳತೆಗೆ ಸಿಗುವುದಿಲ್ಲವಂತೆ. ಪಟ್ಟಿ ಮಾಡಬಹುದು, ವಿವರಿಸಬಹುದು, ವರ್ಗೀಕರಿಸಬಹುದು, ಪ್ರದರ್ಶಿಸಬಹುದು. ಅರ್ಥಮಾಡಿಕೊಳ್ಳುವಂತಿಲ್ಲ. ಒಂದು ವಾಕ್ಯಕ್ಕಾಗಿ ಐದು ಜನ ಎಂ.ಡಿ.ಗಳು, ಇಬ್ಬರು ಎಂ.ಎಸ್.ಗಳು ಎರಡು ತಾಸು ಬಡಿದಾಡಿದೆವು. ಹೊರಗೆ ಒ.ಪಿ.ಡಿ.ಯಲ್ಲಿ ಲಿಂಗಸುಗೂರು, ದೇವದುರ್ಗ, ಮಾನ್ವಿಯಿಂದ ಬೆಳಗಿನ ಬಸ್ಸು ಹಿಡಿದು ಬಂದ ಬಸುರಿಯರು ಬಿಳಿಚಿದ ಕಣ್ಣುರೆಪ್ಪೆ ಹೊತ್ತು ಸಾಲಾಗಿ ಕುಳಿತಿದ್ದರು. ಅವರಿಗೆ ಇರುವುದೂ ರಕ್ತಹೀನತೆಯೇ. ಕ್ರಿಯಾಪದ ಇನ್ನೂ ತೀರ್ಮಾನವಾಗಿರಲಿಲ್ಲ.

ಹೊಸ ಪಠ್ಯಕ್ರಮದಲ್ಲಿ ಎಲ್ಲಕ್ಕೂ ನಂಬರುಂಟು. 2018ರ ಪುಸ್ತಕದಲ್ಲಿ ಅಂಗರಚನಾಶಾಸ್ತ್ರ ಒಂದರಲ್ಲೇ 82 ವಿಷಯ, 409 ಸಾಮರ್ಥ್ಯ. ಅವಕ್ಕೆಲ್ಲ ಬಲಗಡೆ ಒಂದೆರಡು ಅಕ್ಷರದ ಗುರುತು: ತಿಳಿದಿದ್ದಾನೆ, ಹೇಗೆಂದು ತಿಳಿದಿದ್ದಾನೆ, ತೋರಿಸುತ್ತಾನೆ, ಹೀಗೆ. ಇದರ ಮೂಲ 1990ರಲ್ಲಿ ವೈದ್ಯ ಶಿಕ್ಷಣದ ಮಿಲ್ಲರ್ ಎಂಬವರು ಈ ಮೆಟ್ಟಿಲುಗಳಿಂದ ಕಟ್ಟಿದ ಪಿರಮಿಡ್ಡು. ಅದರ ತುದಿಯಲ್ಲಿರುವ ಮಾತು ‘ಮಾಡುತ್ತಾನೆ’. ವಿದ್ಯಾರ್ಥಿ ಮಾಡಿದ್ದನ್ನೆಲ್ಲ ಬರೆದಿಡುವ ನಮ್ಮ ಲಾಗ್‌ಬುಕ್‌ನಲ್ಲಿ ತುದಿಗೆ ‘ಸಹಿ ಹಾಕಿಸಿಕೊಂಡಿದ್ದಾನೆ’ ಅಂತ ಇನ್ನೊಂದು ಮೆಟ್ಟಿಲಿದೆ, ಮಿಲ್ಲರ್‌ಗೆ ಅದು ಹೊಳೆದಿರಲಿಲ್ಲ. ನಂಬರುಗಳಾದರೂ ನಿಂತ ನೀರಲ್ಲ. 2024ರ ಆಗಸ್ಟ್ ಕೊನೆಯ ದಿನ ಹೊಸ ಮಾರ್ಗಸೂಚಿ ಹೊರಬಿತ್ತು. ಸೆಪ್ಟೆಂಬರ್ ಮೊದಲ ವಾರದಲ್ಲೇ ಗದ್ದಲವಾಗಿ ವಾಪಸ್ ಹೋಯಿತು. ಅದೇ ತಿಂಗಳು ತಿದ್ದಿಸಿಕೊಂಡು ಮತ್ತೆ ಬಂತು. ನಮ್ಮ ಕಾಲೇಜಿನ ಒಬ್ಬರು ಮೊದಲನೆಯದನ್ನು ಪ್ರಿಂಟ್ ಹಾಕಿಸಿ ಸ್ಪೈರಲ್ ಬೈಂಡ್ ಮಾಡಿಸಿದ್ದರು. ಅವರ ಮೇಜಿನ ಮೇಲೆ ಇವತ್ತಿಗೂ ಚಹಾದ ಲೋಟ ಅದರ ಮೇಲೇ ಕೂರುತ್ತದೆ.

ಇನ್ನು ಸಂವಹನ ಕಲೆ. ಮನೋಧರ್ಮ, ನೀತಿ, ಸಂವಹನ ಮೂರನ್ನೂ ಸೇರಿಸಿ ಆಯೋಗದವರು ‘ಎಟ್‌ಕಾಮ್’ ಅನ್ನುತ್ತಾರೆ. ರೋಗಿಯ ಕಡೆಯವರಿಗೆ ಕೆಟ್ಟ ಸುದ್ದಿ ಹೇಗೆ ಹೇಳಬೇಕು ಎಂದು ನಟಿಸಿ ತೋರಿಸಬೇಕಿತ್ತು. ಪಕ್ಕದ ಬಳ್ಳಾರಿ ರಾಘವರಂಥ ನಟನನ್ನು ಬೆಳೆಸಿದ ಊರು. ಆ ಗಾಳಿ ಇಲ್ಲಿಗೂ ಬೀಸಿರಬಹುದು ಅಂದುಕೊಂಡೆ. ಬೀಸಿರಲಿಲ್ಲ. ಮೂಳೆ ವಿಭಾಗದ ಆರಡಿ ಡಾಕ್ಟರು ತಲೆ ಮೇಲೆ ಟವೆಲ್ ಹೊದ್ದು ರೋಗಿಯ ತಾಯಿಯಾದರು. ಸಂಭಾಷಣೆ ಪೂರ್ತಿ ಇಂಗ್ಲಿಷಿನಲ್ಲಿ. ದೇವದುರ್ಗದ ಅವ್ವ ಇಂಗ್ಲಿಷಿನಲ್ಲಿ ಅತ್ತಳು, ಡಾಕ್ಟರು ಇಂಗ್ಲಿಷಿನಲ್ಲಿ ಸಂತೈಸಿದರು, ನಾವು ಕನ್ನಡದಲ್ಲಿ ನಕ್ಕೆವು. ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದಕ್ಕೆ ಎರಡು ಅಂಕ, ಹೆಗಲ ಮೇಲೆ ಕೈ ಇಟ್ಟಿದ್ದಕ್ಕೆ ಒಂದು. ಚೆಕ್‌ಲಿಸ್ಟಿನಲ್ಲಿ ‘ರೋಗಿಯ ಮಾತು ತಿಳಿಯಿತೇ’ ಅಂತ ಒಂದು ಸಾಲಿರಲಿಲ್ಲ. ತಿಳಿಯುವುದು ಹೇಗೂ ಆಗಲೇ ನಿಷೇಧವಾಗಿತ್ತಲ್ಲ.

ಅದೇ ವಾರ ವಾರ್ಡಿನಲ್ಲಿ ನಡೆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಹೊರರಾಜ್ಯದಿಂದ ಬಂದ ಹುಡುಗ, ಬಹಳ ಚುರುಕು. ಮೊದಲ ವರ್ಷ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆ ಕಲಿತವನು, ಅಂದರೆ ‘ನಮಸ್ಕಾರ, ಊಟ ಆಯ್ತಾ’ವರೆಗೆ. ಸಿರವಾರ ಕಡೆಯ ಒಬ್ಬ ಅಜ್ಜಿ ಬಂದು, ‘ಯಪ್ಪಾ, ಎದಿಮ್ಯಾಲ ಕಲ್ಲ್ ಇಟ್ಟಂಗ ಆಗ್ತದ’ ಅಂದಳು. ಹುಡುಗ ಕೇಸ್‌ಶೀಟಿನಲ್ಲಿ ‘ಕಲ್ಲಿನ ತೊಂದರೆ’ ಎಂದು ಬರೆದು ಹೊಟ್ಟೆಯ ಸ್ಕ್ಯಾನಿಂಗಿಗೆ ಚೀಟಿ ಹರಿದ. ಕಸ ಗುಡಿಸುತ್ತಿದ್ದ ಆಯಮ್ಮ ಪೊರಕೆ ಗೋಡೆಗೆ ಒರಗಿಸಿ, ‘ಏ ತಮ್ಮಾ, ಹೊಟ್ಯಾನ ಕಲ್ಲಲ್ಲಪ, ಎದಿ ಭಾರ ಅನ್ನಾಕತ್ಯಾಳ. ಮೈ ನೋಡು ಹೆಂಗ ಬೆವತೈತಿ. ಮದ್ಲ ಇಸಿಜಿ ತೆಗಸು’ ಅಂದಳು. ತೆಗೆಸಿದರು. ಹಾರ್ಟ್ ಅಟ್ಯಾಕ್. ಮಿಲ್ಲರ್ ಪಿರಮಿಡ್ಡಿನ ತುದಿಯಲ್ಲಿ ಆವತ್ತು ಪೊರಕೆ ನಿಂತಿತ್ತು. ಆಯಮ್ಮನಿಗೆ ಸಂವಹನದ ಸರ್ಟಿಫಿಕೇಟು ಇಲ್ಲ. ಹೊರಗುತ್ತಿಗೆಯವಳಾದ್ದರಿಂದ ಮೂರು ತಿಂಗಳ ಸಂಬಳವೂ ಇಲ್ಲ.

ಮೂರನೇ ದಿನ ನನ್ನ ಪಾಳಿ: ಮೈಕ್ರೋಟೀಚಿಂಗ್. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಹುಟ್ಟಿದ ಒಳ್ಳೆಯ ಪದ್ಧತಿ. ಐದಾರು ನಿಮಿಷದ ಪಾಠ ಮಾಡು, ನೋಡಿದವರು ತಪ್ಪು ಹೇಳಲಿ, ತಿದ್ದಿಕೊಂಡು ಮತ್ತೆ ಮಾಡು. ಆ ‘ಮತ್ತೆ ಮಾಡು’ ಎಂಬುದರಲ್ಲೇ ಅದರ ಜೀವ ಇರುವುದು. ಊಟದ ಹೊತ್ತಾದ್ದರಿಂದ ನಮ್ಮಲ್ಲಿ ಅದನ್ನು ಕೈಬಿಟ್ಟರು. ಬಿ.ಪಿ. ನೋಡುವುದು ಹೇಗೆ ಎಂದು ನಾನು ಹನ್ನೆರಡು ಜನ ಸಹೋದ್ಯೋಗಿಗಳಿಗೆ ಕಲಿಸಿದೆ. ಅವರೆಲ್ಲ ನಾನು ಹುಟ್ಟುವ ಮೊದಲಿನಿಂದ ಬಿ.ಪಿ. ನೋಡುತ್ತಿರುವವರು, ಕೆಲವರು ಬಿ.ಪಿ. ಇರುವವರು. ಕುರ್ಚಿಗಳು ಎಂಟಡಿಯೊಳಗೆ. ಪ್ರತಿಕ್ರಿಯೆಗೂ ಒಂದು ವಿಧಾನವಿದೆ: ಮೊದಲು ಹೊಗಳಿಕೆ, ನಡುವೆ ತಪ್ಪು, ಮೇಲೆ ಮತ್ತೆ ಹೊಗಳಿಕೆ. ನಮ್ಮ ಕಡೆ ಎರಡು ರೊಟ್ಟಿ ನಡುವೆ ಶೇಂಗಾ ಹಿಂಡಿ ಇಟ್ಟಂತೆ. ನನಗೆ ಬಂದದ್ದು ಬರೀ ರೊಟ್ಟಿ. ‘ಎಕ್ಸಲೆಂಟ್ ಸರ್.’ ಹಾಳೆಯಲ್ಲಿ ಬೋರ್ಡ್ ಬಳಕೆ 4, ಸಮಯಪಾಲನೆ 5, ಧ್ವನಿ ಸ್ಪಷ್ಟತೆ 5ಕ್ಕೆ 5. ನಾನೂ ಎಲ್ಲರಿಗೂ ಐದೈದು ಕೊಟ್ಟೆ. ಮುಯ್ಯಿಗೆ ಮುಯ್ಯಿ, ಮದುವೆ ಮನೆಯ ಹಾಗೆ.

ಕೊನೆಗೆ ಮೌಲ್ಯಮಾಪನ. ತರಬೇತಿಯ ಫಲವನ್ನು ನಾಲ್ಕು ಹಂತದಲ್ಲಿ ಅಳೆಯಬೇಕು ಎಂದು ಅಮೆರಿಕದ ಕಿರ್ಕ್‌ಪ್ಯಾಟ್ರಿಕ್ ಎಂಬ ಪ್ರೊಫೆಸರು 1959ರಲ್ಲೇ ಬರೆದರು. ಬಂದವರಿಗೆ ಹಿಡಿಸಿತೇ, ಏನಾದರೂ ಕಲಿತರೇ, ಕಲಿತದ್ದನ್ನು ಕೆಲಸದಲ್ಲಿ ಬಳಸಿದರೇ, ಅದರಿಂದ ಕೊನೆಗೆ ಯಾರಿಗಾದರೂ ಒಳ್ಳೆಯದಾಯಿತೇ. ಇದನ್ನು ನಮಗೆ ಚಂದವಾಗಿ ಪಾಠ ಮಾಡಿದರು. ನಂತರ ಹಂಚಿದ ಫಾರ್ಮಿನಲ್ಲಿದ್ದ ಪ್ರಶ್ನೆಗಳು: ಸಭಾಂಗಣ ಹೇಗಿತ್ತು, ಊಟ ಹೇಗಿತ್ತು, ಒಟ್ಟಾರೆ ಅನುಭವ ಹೇಗಿತ್ತು. ಮಿರ್ಚಿ ನೆನೆದು ನಾನು ‘ಅತ್ಯುತ್ತಮ’ಕ್ಕೆ ಗುರುತು ಹಾಕಿದೆ. ಕಿರ್ಕ್‌ಪ್ಯಾಟ್ರಿಕ್ ಮೊದಲ ಮೆಟ್ಟಿಲಲ್ಲೇ ಎಲೆಯಡಿಕೆ ಹಾಕಿಕೊಂಡು ಕುಳಿತರು. ಗುಂಪು ಫೋಟೊ ಆಯಿತು. ಒಬ್ಬರ ಕಣ್ಣು ಮುಚ್ಚಿತ್ತೆಂದು ಇನ್ನೊಮ್ಮೆ ಆಯಿತು. ಮೂರು ದಿನದಲ್ಲಿ ತಿದ್ದಿಕೊಂಡು ಎರಡನೇ ಸಲ ಮಾಡಿದ್ದು ಇದೊಂದೇ.

ಬಡ್ತಿಗೆ ಬೇಕಾದ ಇನ್ನೊಂದು ಕೋರ್ಸು ಸಂಶೋಧನೆಯದು. ಅದರ ಕತೆ ಚಿಕ್ಕದು: ಆನ್‌ಲೈನ್ ವಿಡಿಯೊ, ಎರಡು ಪಟ್ಟು ವೇಗ, ಅಡುಗೆಮನೆಯ ಸ್ಟೂಲಿನ ಮೇಲೆ ಮೊಬೈಲು. ನನ್ನ ಹೆಂಡತಿಗೆ ಈಗ ಪಿ ವ್ಯಾಲ್ಯೂ ಎಂಬ ಸಂಖ್ಯಾಶಾಸ್ತ್ರದ ಲೆಕ್ಕದ ಬಗ್ಗೆ ನನಗಿಂತ ಚೆನ್ನಾಗಿ ಗೊತ್ತು. ಸರ್ಟಿಫಿಕೇಟು ನನ್ನ ಹೆಸರಿನಲ್ಲಿದೆ.

ಬಡ್ತಿಯ ಫೈಲಿನಲ್ಲಿ ಈಗ ಎಲ್ಲ ಇದೆ. ಕೋರ್ಸುಗಳಿವೆ, ಪ್ರಬಂಧಗಳಿವೆ, ಹಾಜರಾತಿ ಇದೆ. ಹಾಜರಾತಿಯ ಮಾತು ಬಂತು: 2025ರ ಮೇ ತಿಂಗಳಿಂದ ನಮ್ಮದು ಮುಖದ ಹಾಜರಿ. ಆವರಣದೊಳಗೆ ನಿಂತು ಮೊಬೈಲಿಗೆ ಮುಖ ತೋರಿಸಬೇಕು, ಕಣ್ಣು ಮಿಟುಕಿಸಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ದೆಹಲಿ ನನ್ನ ಮುಖ ನೋಡುತ್ತದೆ. ನನ್ನ ಪಾಠವನ್ನು ಹದಿನೈದು ವರ್ಷದಲ್ಲಿ ಒಬ್ಬರೂ ಬಂದು ನೋಡಿಲ್ಲ. ಪ್ರಾಂಶುಪಾಲರು ಬಂದಿಲ್ಲ, ವೈದ್ಯ ಶಿಕ್ಷಣ ಘಟಕದವರು ಬಂದಿಲ್ಲ, ಇನ್‌ಸ್ಪೆಕ್ಷನ್ನಿಗೆ ಬಂದವರು ಕೋಣೆಯ ಉದ್ದಗಲ ಅಳೆದು, ಕುರ್ಚಿ ಎಣಿಸಿ ಹೋದರು. ನಾನೂ ಬೇರೆಯವರ ಕ್ಲಾಸಿಗೆ ಹೋಗಿ ಕೂತವನಲ್ಲ. ಹೋದರೆ ಗೂಢಚಾರಿಕೆ ಅಂದುಕೊಂಡಾರು.

ಅದಕ್ಕೇ ಹೋದ ಮಂಗಳವಾರ ಕ್ಲಾಸಿನ ಕೊನೆಯ ಬೆಂಚಿನಲ್ಲಿ ನಡುವಯಸ್ಸಿನ ಒಬ್ಬರು ಬಂದು ಕುಳಿತಾಗ ನನ್ನೆದೆ ಹಾರಿತು. ಕೈಯಲ್ಲಿ ಪ್ಯಾಡು, ಪೆನ್ನು. ನಡುನಡುವೆ ತಲೆಯೆತ್ತಿ ನೋಡಿ ಏನೋ ಬರೆದುಕೊಳ್ಳುತ್ತಿದ್ದಾರೆ. ಆಹಾ, ಕಿರ್ಕ್‌ಪ್ಯಾಟ್ರಿಕ್‌ನ ಮೂರನೇ ಮೆಟ್ಟಿಲು ಕೊನೆಗೂ ರಾಯಚೂರಿಗೆ ಬಂತು ಅಂದುಕೊಂಡೆ. ಆ ದಿನ ಪಾಠ ಮಾಡಿದ ಹಾಗೆ ನಾನು ಜನ್ಮದಲ್ಲಿ ಮಾಡಿರಲಿಲ್ಲ. ಪ್ರಶ್ನೆ ಕೇಳಿದೆ, ಚಿತ್ರ ಬರೆದೆ, ಒಬ್ಬ ಹುಡುಗಿಯನ್ನು ಕರೆದು ಬಿ.ಪಿ. ಪಟ್ಟಿ ಕಟ್ಟಿಸಿದೆ, ನಡುವೆ ಒಂದು ಜೋಕನ್ನೂ ಹಾಕಿದೆ. ಮುಂದಿನ ಎರಡು ಸಾಲು ನಕ್ಕಿತು.

ಗಂಟೆ ಆದ ಮೇಲೆ ಅವರು ಮುಂದೆ ಬಂದರು. ವೈಫೈ ರಿಪೇರಿಯವರು. ಮುಖದ ಹಾಜರಾತಿಗೆ ನಿನ್ನೆ ಸಿಗ್ನಲ್ ಸಿಕ್ಕಿರಲಿಲ್ಲವಂತೆ. ಮೇಲಿನಿಂದ ಫೋನ್ ಬಂದು ಒಂದೇ ದಿನದಲ್ಲಿ ಓಡಿಬಂದಿದ್ದರು. ಚಾವಣಿಯ ಡಬ್ಬಿ ನೋಡಿ ನೋಡಿ ನಂಬರ್ ಬರೆದುಕೊಂಡಿದ್ದರು. ಹೊರಟವರು ಬಾಗಿಲಲ್ಲಿ ನಿಂತರು.

‘ಸರ, ಒಂದ್ ಮಾತ್ ಹೇಳ್ಲೇನ್ರಿ? ಬ್ಯಾಸರ ಮಾಡ್ಕೋಬ್ಯಾಡ್ರಿ.’

‘ಹೇಳ್ರಿ.’

‘ನೀವು ಚೊಲೊ ಹೇಳತಿದ್ದಿರಬೇಕು, ಮುಂದಿನ ಹುಡುಗ್ರು ನಗಾಕತ್ತಿದ್ರು. ಹಿಂದ ಒಂದಕ್ಷರ ಕೇಳಂಗಿಲ್ರಿ. ಸ್ಪೀಕರ್ ವಾಯರ್ ಇಲಿ ಕಡದಾವ. ಆ ಹುಡುಗ್ರನ್ನ ಕೇಳಿದೆ, ಆರ್ ತಿಂಗಳಾತಂತ.’

‘ನೀವೇ ಹಂಗ ಜೋಡಿಸಿಕೊಡಾಕ ಬರ್ತದೇನ್ರಿ?’

‘ಇಲ್ರಿ ಸರ, ಅದು ಬ್ಯಾರೆ ಟೆಂಡರ್.’

ಅವರು ಹೋದ ಮೇಲೆ ಕೋಣೆಗೆ ಬಂದು ಫೈಲು ತೆರೆದೆ. ಮೈಕ್ರೋಟೀಚಿಂಗಿನ ಹಾಳೆ ಅಲ್ಲೇ ಇತ್ತು, ಸೀಲು ಸಹಿತ, ಮೂರು ಪ್ರತಿ.