ಸ್ಪಷ್ಟನೆ: ಕತ್ತರಿ ಹಾಕಿಸಿದ್ದು ನಿರ್ದೇಶಕರಲ್ಲ

‘1981ರ ಭಯಾನಕ ಚಿತ್ರ ಮೈ ಬ್ಲಡಿ ವ್ಯಾಲೆಂಟೈನ್‌ನಲ್ಲಿ ಕೊಲೆಗಳು ಸಪ್ಪೆ, ನಿರ್ದೇಶಕ ಜಾರ್ಜ್ ಮಿಹಾಲ್ಕಾ ಅವರಿಗೆ ಧೈರ್ಯವಿರಲಿಲ್ಲ’ ಎಂಬ ಸಂದೇಶ ಬೆಂಗಳೂರಿನ ಸಿನಿಮಾಸಕ್ತರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಅವರು ಕೊಲೆಗಳನ್ನು ವಿವರವಾಗಿಯೇ ಚಿತ್ರೀಕರಿಸಿದ್ದರು. ಅಮೆರಿಕದ ಚಿತ್ರ ವರ್ಗೀಕರಣ ಮಂಡಳಿಯ ಒತ್ತಾಯದಿಂದ ಆ ದೃಶ್ಯಗಳಿಗೆ ಕತ್ತರಿ ಬಿತ್ತು. 2009ರ ಡಿವಿಡಿಯಲ್ಲಿ ಸುಮಾರು ಮೂರು ನಿಮಿಷ ಮರಳಿ ಬಂದಿದೆ. ದಯವಿಟ್ಟು ಅದನ್ನು ನೋಡಿ ಮಾತನಾಡಿ.

ಕೆನಡಾದ ನೋವಾ ಸ್ಕೋಷಿಯಾದ ನಿಜವಾದ ಕಲ್ಲಿದ್ದಲು ಗಣಿಯಲ್ಲಿ ಚಿತ್ರೀಕರಣ ನಡೆದಿತ್ತು. ಆ ಕತ್ತಲೆ, ಇಕ್ಕಟ್ಟು, ಕೊಲೆಗಾರನ ಮುಖವಾಡದೊಳಗಿನ ಉಸಿರಿನ ಸದ್ದು ಈಗಲೂ ಎದೆ ನಡುಗಿಸುತ್ತವೆ. ಆ ಕಾಲದ ಇಂಥ ಚಿತ್ರಗಳಲ್ಲಿ ಕಾಣುತ್ತಿದ್ದ ಬೇಸಿಗೆ ಶಿಬಿರದ ಹುಡುಗರ ಬದಲು ದುಡಿಯುವ ಗಣಿಕಾರ್ಮಿಕರ ಊರನ್ನು ಆರಿಸಿಕೊಂಡದ್ದೇ ಚಿತ್ರದ ದೊಡ್ಡ ಬಲ. ಕೋಲಾರದ ಗಣಿ ಬಲ್ಲವರಿಗೆ ಇದು ಬೇಗ ತಟ್ಟುತ್ತದೆ. ತ್ರಿಕೋನ ಪ್ರೇಮ ಮಾತ್ರ ಪೇಲವ, ಪೋಷಕ ಪಾತ್ರಗಳನ್ನು ಗುರುತಿಟ್ಟುಕೊಳ್ಳುವುದೂ ಕಷ್ಟ.