ರಶೀದಿ ಕೊಡದ ಮನೆ

ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ನಾನು ನ್ಯೂಯಾರ್ಕಿನ ಈಸ್ಟ್ ಫಸ್ಟ್ ಸ್ಟ್ರೀಟಿನಲ್ಲಿ ಬಡವರಿಗೆ ಊಟ ಹಾಕುವ ಸೇಂಟ್ ಜೋಸೆಫ್ ಹೌಸಿಗೆ ಹೋಗಿದ್ದೆ. ವರ್ಷದ ಕೊನೆ ಬಂತೆಂದರೆ ಈ ದೇಶದಲ್ಲಿ ತುಂಬಾ ಜನ ದಾನ ಕೊಡುತ್ತಾರೆ. ಕೊಟ್ಟಿದ್ದನ್ನು ಟ್ಯಾಕ್ಸಿನಲ್ಲಿ ತೋರಿಸಬಹುದು. ನಾನೂ ಚೆಕ್ ಬರೆದು ತಂದಿದ್ದೆ. ಬಾಗಿಲಲ್ಲೇ ನಿಂತು ಕೊಟ್ಟು, ರಶೀದಿ ಕೇಳಿದೆ.

ಏಪ್ರನ್ ಕಟ್ಟಿಕೊಂಡಿದ್ದ ಹುಡುಗಿ ಕೈ ಒರೆಸಿಕೊಳ್ಳುತ್ತಾ ಹೇಳಿದಳು: "ನಾವು ರಶೀದಿ ಕೊಡೋದಿಲ್ಲ. ನಮಗೆ ಕೊಟ್ಟಿದ್ದಕ್ಕೆ ಟ್ಯಾಕ್ಸ್ ಬಿಡೋದಿಲ್ಲ. ಆ ವಿನಾಯಿತಿಗೆ ನಾವು ಅರ್ಜಿಯನ್ನೇ ಹಾಕಿಲ್ಲ." ಬೇಕಾದರೆ ಚೆಕ್ ವಾಪಸ್ ತಗೊಳ್ಳಿ ಅನ್ನುವ ಹಾಗಿತ್ತು ಅವಳ ಮುಖ. ನನಗೆ ಚುರುಕ್ ಅಂತು. ಅಷ್ಟರಲ್ಲಿ ಒಳಗೆ ಸೂಪ್ ಕುಡಿಯುತ್ತಿದ್ದ ಮುದುಕರೊಬ್ಬರು ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿ, "ಏನಾದ್ರೂ ತಿಂದ್ಯಾ?" ಅಂತ ಕೇಳಿದರು. ಮೈಮೇಲೆ ಒಂದರ ಮೇಲೊಂದು ಎರಡು ಕೋಟು. ಕಾಲ ಬಳಿ ಪ್ಲಾಸ್ಟಿಕ್ ಚೀಲ. ಅವರ ಇಡೀ ಸಂಸಾರ ಆ ಚೀಲದಲ್ಲಿದ್ದ ಹಾಗೆ ಕಾಣುತ್ತಿತ್ತು.

ಊರು ಬಿಟ್ಟು 14 ವರ್ಷ ಆಯಿತು. ಗುರುತಿಲ್ಲದ ಒಬ್ಬರು ಈ ಊರಲ್ಲಿ ನನ್ನನ್ನು ತಿಂಡಿ ಆಯ್ತಾ ಅಂತ ಕೇಳಿದ್ದು ಅದೇ ಮೊದಲು. ಒಳಗೆ ಹೋಗಿ ಪಕ್ಕದಲ್ಲಿ ಕೂತೆ. ಸೂಪಿಗೆ ಉಪ್ಪು ಕಮ್ಮಿ ಇತ್ತು. ಬ್ರೆಡ್ ಬಿಸಿಯಾಗಿತ್ತು.

ಇದು ಕ್ಯಾಥೊಲಿಕ್ ವರ್ಕರ್ ಅನ್ನುವ ಬಳಗದ ಮನೆ. 1933ರ ಮೇ 1ರಂದು ಡೊರತಿ ಡೇ ಎಂಬ ಪತ್ರಕರ್ತೆ ಮತ್ತು ಫ್ರಾನ್ಸಿನ ರೈತ ಮನೆತನದ ಪೀಟರ್ ಮೊರಿನ್ ಸೇರಿ ಒಂದು ಪತ್ರಿಕೆ ಶುರು ಮಾಡಿದರು. ಅಮೆರಿಕದಲ್ಲಿ ಆಗ ಕೆಲಸವೇ ಸಿಗದ ಕಾಲ. ಪತ್ರಿಕೆಯ ಬೆಲೆ ಒಂದು ಸೆಂಟ್, ಈಗಲೂ ಅಷ್ಟೇ. ಇನ್ನೊಬ್ಬರ ಕಷ್ಟಕ್ಕೆ ಆಗಬೇಕು ಅಂತ ಪತ್ರಿಕೆಯಲ್ಲಿ ಬರೆದ ಮೇಲೆ, ಕಷ್ಟದಲ್ಲಿದ್ದವರು ಅವರ ಬಾಗಿಲಿಗೇ ಬಂದರು. ಒಳಗೆ ಕರೆದರು. ಮನೆ ಹುಟ್ಟಿದ್ದು ಹಾಗೆ. ಇಂಥ ಮನೆಗಳು ಇವತ್ತು ಬೇರೆ ಬೇರೆ ಊರುಗಳಲ್ಲಿ ನೂರಕ್ಕೂ ಜಾಸ್ತಿ ಇವೆ. ಎಲ್ಲವೂ ಚಿಕ್ಕವೇ. ಇವುಗಳ ಮೇಲೆ ಒಂದು ಹೆಡ್ ಆಫೀಸ್ ಅಂತಿಲ್ಲ.

ನನ್ನ ಮನಸ್ಸಿನಲ್ಲಿ ಕೂತಿದ್ದು ಸೂಪ್ ಅಲ್ಲ. ಊಟ ಹಾಕೋದು ನಮಗೆ ಹೊಸದೇ? ನಾನು ತುಮಕೂರಿನವನು. ಅಜ್ಜ ಪ್ರತಿ ಸುಗ್ಗಿಗೆ ಮಠಕ್ಕೆ ರಾಗಿ ಮೂಟೆ ಕಳಿಸುತ್ತಿದ್ದರು. ಜಾತ್ರೆಯಲ್ಲಿ ಪಂಕ್ತಿ ಮೇಲೆ ಪಂಕ್ತಿ ಬಡಿಸಿ ಸೊಂಟ ನೋಯಿಸಿಕೊಂಡವನು ನಾನು. ಕೊಡೋದರಲ್ಲಿ ನಮ್ಮವರ ಕೈ ಯಾವತ್ತೂ ಚಿಕ್ಕದಲ್ಲ.

ಮನಸ್ಸಿನಲ್ಲಿ ಕೂತಿದ್ದು ಮಹಡಿ. ಕೆಳಗೆ ಸೂಪ್ ಕುಡಿದವರಲ್ಲಿ ಕೆಲವರು ಮಹಡಿ ಹತ್ತಿ ಹೋದರು. ಅವರು ಅಲ್ಲೇ ಇರುವವರು. ಬಡಿಸಿದ ಹುಡುಗಿಯೂ ಅಲ್ಲೇ ಇರುವವಳು. ಅವಳಿಗೆ ಸಂಬಳ ಇಲ್ಲ. ಅದೇ ಮೆಟ್ಟಿಲು, ಅದೇ ಸೂಪ್, ಯಾರೋ ಕೊಟ್ಟ ಅದೇ ಹಳೇ ಸ್ವೆಟರ್. ಅಲ್ಲಿಂದ ಎರಡು ಬೀದಿ ಆಚೆ ಮೇರಿಹೌಸ್ ಅಂತ ಹೆಂಗಸರಿಗಾಗಿ ಮಾಡಿದ ಮನೆ ಇದೆ. ಡೊರತಿ ಡೇ 1980ರಲ್ಲಿ ತೀರಿಕೊಂಡಿದ್ದು ಆ ಮನೆಯಲ್ಲೇ, ನಿಲ್ಲಲು ನೆಲೆಯಿಲ್ಲದೆ ಬಂದ ಹೆಂಗಸರ ನಡುವೆ. ಪೀಟರ್ ಮೊರಿನ್ ಹೇಳುತ್ತಿದ್ದ ಮಾತೊಂದಿದೆ. ಪ್ರತಿ ಕ್ರೈಸ್ತರ ಮನೆಯಲ್ಲೂ ಒಂದು ಕೋಣೆ ಹೊರಗಿನವರಿಗೆ ಅಂತಲೇ ಇರಬೇಕು, ಅದು ಕ್ರಿಸ್ತನ ಕೋಣೆ. ಕಷ್ಟದಲ್ಲಿರುವವರನ್ನು ಎಲ್ಲೋ ಕಳಿಸಿ ನೋಡಿಕೊಳ್ಳೋದಲ್ಲ, ನಿಮ್ಮ ಮನೇಲೇ ಇಟ್ಟುಕೊಳ್ಳಿ ಅಂತ.

ಆಗ ನನಗೆ ಟೈಲರ್ ಅಕ್ಕ ನೆನಪಾದಳು.

ನಮ್ಮ ವಠಾರದ ಕೊನೆ ಮನೆ ಅವರದು. ಗಂಡ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದರು. ನಮ್ಮ ಸ್ಕೂಲ್ ಯೂನಿಫಾರ್ಮ್ ಎಲ್ಲಾ ಅವರೇ ಹೊಲಿದಿದ್ದು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅವರಿಗೆ ಬೈಕ್ ಆಕ್ಸಿಡೆಂಟ್ ಆಗಿ ಕೈ ಹೋಯಿತು. ಆಸ್ಪತ್ರೆಗೆ ಅಂತ ಬಡ್ಡಿಗೆ ದುಡ್ಡು ತಂದರು. ಬಡ್ಡಿ ಕಟ್ಟೋಕೆ ಮತ್ತೆ ಬಡ್ಡಿಗೆ ತಂದರು. ಮಿಷನ್ ಹೋಯಿತು, ಆಮೇಲೆ ಅವರೂ ಹೋದರು. ವಠಾರ ಸುಮ್ನೆ ಕೂರಲಿಲ್ಲ. ಎಲ್ಲರೂ ಕೊಟ್ಟರು. ನಮ್ಮಮ್ಮ ಪ್ರತಿ ಸಂಜೆ ಒಂದು ಡಬ್ಬಿಯಲ್ಲಿ ಸಾರು, ಮೇಲೆ ಎರಡು ಮುದ್ದೆ ಇಟ್ಟು ನನ್ನ ಕೈಲಿ ಕಳಿಸುತ್ತಿದ್ದಳು. ಬಾಗಿಲಲ್ಲಿ ಕೊಟ್ಟು ಬಾ ಅನ್ನುತ್ತಿದ್ದಳು.

ಟೈಲರ್ ಅಕ್ಕನೂ ನಮ್ಮ ಮನೆಗೆ ಬರುತ್ತಿದ್ದಳು. ಹೊಸ್ತಿಲ ಆಚೆ ನಿಲ್ಲುತ್ತಿದ್ದಳು. ಮಳೆ ಬಂದರೆ ಜಗಲಿ ಮೇಲೆ. ಅವಳಿಗೆ ಕಾಫಿ ಕೊಡುವ ಸ್ಟೀಲ್ ಲೋಟ ಹಿತ್ತಲ ಗೂಡಿನಲ್ಲಿ ಬೇರೆ ಇತ್ತು. ಯಾರೂ ಅವಳಿಗೆ ಒಂದು ಕೆಟ್ಟ ಮಾತು ಆಡಿದ್ದಿಲ್ಲ. ಯಾಕೆ ಅಂತ ನಾನೂ ಕೇಳಿದ್ದಿಲ್ಲ. ಓನರ್ ಮನೆ ಖಾಲಿ ಮಾಡಿಸಿದ ದಿನ ಎರಡು ಮಕ್ಕಳು, ನಾಲ್ಕು ಪಾತ್ರೆ ಇಟ್ಟುಕೊಂಡು ಆ ಜಗಲಿ ಮೇಲೇ ಸಂಜೆವರೆಗೆ ಕೂತಿದ್ದಳು. ಅಮ್ಮ ಅಕ್ಕಿ ಕೊಟ್ಟಳು, ಸೀರೆ ಕೊಟ್ಟಳು, ಬಸ್ ಚಾರ್ಜಿಗೆ ದುಡ್ಡೂ ಕೊಟ್ಟಳು. ನಮ್ಮ ಮನೆಯಲ್ಲಿ ನಡುಮನೆ ಖಾಲಿ ಇತ್ತು.

ಇದನ್ನು ನೆನೆದಾಗ ನನಗೆ ನಮ್ಮವರ ಮೇಲೆ ಸಿಟ್ಟು ಬರುತ್ತದೆ. ದಾಸೋಹ ಅನ್ನುವ ಮಾತು ನಮ್ಮದು. ಅನ್ನಕ್ಕೆ ಜಾತಿ ಇಲ್ಲ ಅಂತ ಎಂಟು ನೂರು ವರ್ಷಗಳ ಹಿಂದೆಯೇ ಹೇಳಿದ ನೆಲ ನಮ್ಮದು. ಆದರೆ ಅನ್ನವನ್ನು ಹೊಸ್ತಿಲ ಆಚೆ ಕಳಿಸೋದು ಕಲಿತೆವು, ಉಣ್ಣುವವರನ್ನು ಈಚೆ ಕರೆಯೋದು ಕಲಿಯಲಿಲ್ಲ. ಈಗ ಹೊಸದಾಗಿ ಕಟ್ಟಿಸುವ ಮನೆಗಳಲ್ಲಿ ಗೆಸ್ಟ್ ರೂಮ್ ಇಲ್ಲದಿದ್ದರೆ ಆಗೋದೇ ಇಲ್ಲ. ವರ್ಷಕ್ಕೆ ಎರಡು ಸಲ ಬೀಗ ತೆಗೆದು ಧೂಳು ಹೊಡೆಯುತ್ತಾರೆ.

ಬಡ್ಡಿ ಅಂದಾಗ ಇನ್ನೊಂದು ಹೇಳಲೇಬೇಕು. ನಾನು ಬ್ರೂಕ್ಲಿನ್ನಿನಿಂದ ಡಿ ರೈಲಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಮ್ಯಾನ್‌ಹಾಟನ್ ಸೇತುವೆ ದಾಟಿದ ಮೇಲೆ ಅದು ಕ್ರಿಸ್ಟಿ ಸ್ಟ್ರೀಟಿನ ಅಡಿಯಲ್ಲಿ ಹೋಗುತ್ತದೆ. ಈ ಬಳಗದ ಹಳೇ ಮನೆ ಆ ಬೀದಿಯ 223ನೇ ನಂಬರಿನಲ್ಲಿತ್ತು. ರೈಲು ಮಾರ್ಗಕ್ಕೆ ಅಂತ ನಗರದವರು ಅದನ್ನು ತಗೊಂಡರು. ಪರಿಹಾರ 68,700 ಡಾಲರ್. ಅದರ ಮೇಲೆ ಬಡ್ಡಿ 3,579 ಡಾಲರ್ 39 ಸೆಂಟ್. 1960ರಲ್ಲಿ ಡೊರತಿ ಡೇ ಆ ಬಡ್ಡಿ ಹಣವನ್ನು ನಗರದ ಖಜಾನೆಗೆ ಒಂದು ಕಾಗದದ ಜೊತೆ ವಾಪಸ್ ಕಳಿಸಿದರು. ದುಡ್ಡು ದುಡ್ಡನ್ನು ಹೆರೋದನ್ನು ನಾವು ಒಪ್ಪೋದಿಲ್ಲ ಅನ್ನೋದು ಅವರ ನಿಲುವು. ಬಾಗಿಲಲ್ಲಿ ಉದ್ದ ಸಾಲು ಇಟ್ಟುಕೊಂಡವರು, ನಾಳೆಯ ಬ್ರೆಡ್ಡಿಗೆ ದುಡ್ಡಿದೆಯೋ ಇಲ್ಲವೋ ಅನ್ನುವವರು, ಬಂದ ದುಡ್ಡನ್ನು ವಾಪಸ್ ಕಳಿಸುತ್ತಾರೆ. ಆ ಸುರಂಗದಲ್ಲಿ ಹೋಗುವಾಗೆಲ್ಲ ನನಗೆ ಟೈಲರ್ ಅಕ್ಕನ ಗಂಡನ ಹೊಲಿಗೆ ಮಿಷನ್ ಕಣ್ಣ ಮುಂದೆ ಬರುತ್ತದೆ.

ಆಮೇಲಿಂದ ನಾನು ತಿಂಗಳಿಗೆ ಎರಡು ಸಲ ಆ ಮನೆಗೆ ಹೋಗುತ್ತೇನೆ. ಈರುಳ್ಳಿ ಹೆಚ್ಚುತ್ತೇನೆ, ಪಾತ್ರೆ ತೊಳೆಯುತ್ತೇನೆ. ಒಂದು ಭಾನುವಾರ ಅಮ್ಮನಿಗೆ ಫೋನಿನಲ್ಲಿ ಎಲ್ಲಾ ಹೇಳಿದೆ.

"ಅವರ ಧರ್ಮಕ್ಕೆ ಸೇರಿಸ್ಕೊಳ್ತಾರೇನೋ?"

"ಇಲ್ಲಮ್ಮ. ಪ್ರಾರ್ಥನೆ ಮಾಡ್ತಾರೆ, ಬೇಕಾದೋರು ಕೂರ್ತಾರೆ. ನನ್ನ ಯಾರೂ ಏನೂ ಕೇಳಿಲ್ಲ."

"ಯಾರ್ಯಾರನ್ನೋ ಮನೇಲಿ ಇಟ್ಕೊಂಡ್ರೆ ಕಳ್ಳತನ ಆಗಲ್ವಾ? ಜಗಳ?"

ಆಗುತ್ತೆ ಅಂದೆ. ಡೊರತಿ ಡೇ ಅವರೇ ತಮ್ಮ ಮನೆಗಳ ಜಗಳ, ತಿಗಣೆ, ಗಲಾಟೆ ಬಗ್ಗೆ ಮುಚ್ಚಿಡದೆ ಬರೆದಿದ್ದಾರೆ. ಆದರೂ ಬಾಗಿಲು ಹಾಕಲಿಲ್ಲ ಅಂದೆ. ನಂತರ, ಹೇಳಬಾರದಿತ್ತೇನೋ, ಟೈಲರ್ ಅಕ್ಕನ ಮಾತು ತೆಗೆದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಅಷ್ಟು ಒಳ್ಳೆಯವರಿರೋ ಊರಲ್ಲಿ ಅಷ್ಟೊಂದು ಜನ ಬೀದೀಲಿ ಯಾಕೆ ಮಲಗ್ತಾರಪ್ಪ?" ಅಂದಳು. "ಅವರಿಗೆ ಅಣ್ಣ ತಮ್ಮ ಯಾರೂ ಇಲ್ವಾ? ನಿನ್ನ ಚಿಕ್ಕಪ್ಪನ ಮಗ ಪಿಯುಸಿಯಿಂದ ಡಿಗ್ರಿವರೆಗೆ ನಮ್ಮನೇಲೇ ಇದ್ದ. ಸೋದರತ್ತೆ ಗಂಡನ್ನ ಬಿಟ್ಟು ಬಂದು ಆರು ವರ್ಷ ಇದ್ದರು. ಅದನ್ನ ನಾವು ಯಾರಿಗೂ ಹೇಳ್ಕೊಂಡು ತಿರುಗಲಿಲ್ಲ."

ಉತ್ತರ ನನ್ನ ಹತ್ತಿರ ಇರಲಿಲ್ಲ. ಕೇಳಿದ ಗಂಡಸರಿಗೆ ನಗರವೇ ಮಲಗಲು ಜಾಗ ಕೊಡಬೇಕು ಅಂತ 1981ರಲ್ಲೇ ಇಲ್ಲಿನ ಕೋರ್ಟಿನಲ್ಲಿ ತೀರ್ಮಾನ ಆಗಿದೆ. ಆದರೂ ಬೌರಿ ರಸ್ತೆಯಲ್ಲಿ ರಟ್ಟು ಹಾಸಿಕೊಂಡು ಮಲಗಿದವರನ್ನು ದಾಟಿಕೊಂಡೇ ನಾನು ಆ ಮನೆಗೆ ಹೋಗಬೇಕು. ಹಿಂದೆ ಬಡವರು ಪುಡಿಗಾಸಿಗೆ ರಾತ್ರಿ ಕಳೆಯುತ್ತಿದ್ದ ಬೀದಿ ಅದು. ಈಗ ಅಲ್ಲಿ ದುಬಾರಿ ಹೋಟೆಲುಗಳಿವೆ. ಬಳಗದ್ದು ಇಲ್ಲಿ ಆ ಎರಡು ಮನೆ, ಕೆಲವೇ ಹಾಸಿಗೆ. ಅವು ತುಂಬಿದ ಮೇಲೆ ಬಂದವರಿಗೆ ಸೂಪ್ ಕೊಟ್ಟು ಕಳಿಸಲೇಬೇಕು. ಜಾಗ ಇಲ್ಲ ಅನ್ನುವ ಮಾತನ್ನು ನಾನೇ ಒಂದು ಸಲ ಬಾಗಿಲಲ್ಲಿ ನಿಂತು ಹೇಳಿದ್ದೇನೆ. ಮೂರು ದಿನ ನಿದ್ದೆ ಬರಲಿಲ್ಲ.

ಸಿದ್ಧಗಂಗೆಯ ವಿಷಯವನ್ನೂ ನಾನು ಅಮ್ಮನ ಹತ್ತಿರ ಬೇಕಂತಲೇ ಎತ್ತಿರಲಿಲ್ಲ. ಎತ್ತಿದ್ದರೆ ನನ್ನ ವಾದ ಬೀಳುತ್ತಿತ್ತು. ಅಲ್ಲಿ ಸಾವಿರಾರು ಹುಡುಗರು ಜಾತಿ ಯಾವುದು ಅಂತ ಕೇಳಿಸಿಕೊಳ್ಳದೆ ಉಣ್ಣುತ್ತಾರೆ, ಮಲಗುತ್ತಾರೆ, ಓದುತ್ತಾರೆ. ಶಿವಕುಮಾರ ಸ್ವಾಮೀಜಿ ಅವರ ನಡುವೆಯೇ ಬಾಳಿದರು. 2019ರ ಜನವರಿಯಲ್ಲಿ, 111ನೇ ವಯಸ್ಸಿನಲ್ಲಿ, ಅವರು ಇಲ್ಲವಾದ ಸುದ್ದಿ ಬಂದಾಗ ನಾನು ಆಫೀಸಿನ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ. ಒಳಗೆ ಕರೆಯೋದು ನಮ್ಮವರಿಗೆ ಗೊತ್ತಿಲ್ಲ ಅಂತ ಹೇಗೆ ಹೇಳಲಿ? ಗೊತ್ತಿದೆ. ಮಠಕ್ಕೆ ಗೊತ್ತಿದೆ. ನೆಂಟರ ವಿಷಯದಲ್ಲಿ ಮನೆಗೂ ಗೊತ್ತಿದೆ. ನೆಂಟರಲ್ಲದ ಪಕ್ಕದ ಮನೆಯವಳು ಜಗಲಿ ಮೇಲೆ ಕೂತಿದ್ದಾಗ ಮಾತ್ರ ನಮ್ಮ ಬಾಗಿಲು ತೆರೆಯಲಿಲ್ಲ.

ಫೋನ್ ಇಡುವ ಮುಂಚೆ ಅಮ್ಮ ಮೆಲ್ಲಗೆ ಹೇಳಿದಳು: "ಅವಳು ಈಗ ಗುಬ್ಬೀಲಿ ಮಗಳ ಮನೇಲಿದಾಳಂತೆ. ಮಂಡಿ ನೋವಂತೆ. ಮೊನ್ನೆ ಮದುವೇಲಿ ಯಾರೋ ಹೇಳಿದ್ರು."

ನಂಬರ್ ಇದ್ದರೆ ಕಳಿಸು ಅಂದಿದ್ದೇನೆ. ಯಾರನ್ನ ಕೇಳೋದು ಅಂತ ಅಮ್ಮ ಯೋಚನೆ ಮಾಡುತ್ತಿದ್ದಾಳೆ.