ಮಾರ್ಗದರ್ಶನ ಉಚಿತ, ಸೀಟು ಕೆಲವೇ ಬಾಕಿ

ಪಿಯುಸಿ ರಿಸಲ್ಟ್ ಬಂದಾಯಿತು, ಸಿಇಟಿ ರ್‍ಯಾಂಕೂ ಬಂದಾಯಿತು. ಇನ್ನು ಶಿವಮೊಗ್ಗದ ಮಕ್ಕಳಿಗೆ ಬಾಕಿ ಇರೋದು ಮಾರ್ಗದರ್ಶನ ಒಂದೇ. ಅದಕ್ಕೇನೂ ಬರ ಇಲ್ಲ. ಗೋಪಿ ಸರ್ಕಲ್‌ನಲ್ಲಿ ನಿಂತು ತಲೆ ಎತ್ತಿದರೆ ಮೋಡ ಕಾಣಲ್ಲ, ಫ್ಲೆಕ್ಸ್ ಕಾಣುತ್ತದೆ. ಮೇಲೆ ರ್‍ಯಾಂಕ್ ಬಂದವರ ಸಾಲು ಸಾಲು ಪಾಸ್‌ಪೋರ್ಟ್ ಫೋಟೊ. ಕೆಳಗೆ "ಮುಂದೇನು? ನಾವು ಹೇಳ್ತೀವಿ ಬನ್ನಿ. ಪ್ರವೇಶ ಉಚಿತ, ಊಟದ ವ್ಯವಸ್ಥೆ ಇದೆ." ಮುಹೂರ್ತ ಮುಗಿದ ಕಲ್ಯಾಣ ಮಂಟಪಗಳಿಗೆ ಈಗ ಇದೇ ಆದಾಯ.

ಹೊಗಳದೆ ಇರೋಕೆ ಆಗಲ್ಲ. ನಮ್ಮ ಕಾಲದಲ್ಲಿ ಮಾರ್ಗದರ್ಶಕ ಅಂದರೆ ಕಾಲೇಜಿನ ಕ್ಲರ್ಕ್. ಮಾರ್ಕ್ಸ್ ಕಾರ್ಡ್ ತಿರುಗಿಸಿ ನೋಡಿ, ಜಾಸ್ತಿ ಇದ್ದರೆ ಸೈನ್ಸ್, ಸುಮಾರಾಗಿದ್ದರೆ ಕಾಮರ್ಸ್, ಉಳಿದವರು ಆರ್ಟ್ಸ್ ಅಂತ ಕಿಟಕಿಯಿಂದಲೇ ತೀರ್ಪು ಕೊಡುತ್ತಿದ್ದ. ಈಗ ಅದೇ ತೀರ್ಪಿಗೆ ಪ್ರೊಜೆಕ್ಟರ್ ಇದೆ, ಕಾಲರಿಗೆ ಸಿಕ್ಕಿಸುವ ಮೈಕ್ ಇದೆ, ಬೆಂಗಳೂರಿಂದ ವಿಮಾನದಲ್ಲಿ ಬಂದ ತಜ್ಞರಿದ್ದಾರೆ. 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಮಾಡಿದ್ದು ಯಾರಿಗಾಗಿ ಅಂತ ಕೇಳುವವರಿಗೆ ಉತ್ತರ ಸಿಕ್ಕಿತಲ್ಲ.

ಸ್ನೇಹಿತರೊಬ್ಬರ ಮಗಳ ಜೊತೆ ಅಂಥದ್ದೊಂದು ಸಭೆಗೆ ನಾನೂ ಹೋಗಿದ್ದೆ. ತಜ್ಞರು ಶುರುವಿನಲ್ಲಿ ಬಹಳ ಒಳ್ಳೆಯ ಮಾತಾಡಿದರು. ಮಕ್ಕಳ ಆಸಕ್ತಿಯೇ ಮುಖ್ಯ, ತಂದೆ ತಾಯಿ ಒತ್ತಡ ಹಾಕಬಾರದು ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಎರಡನೇ ಸ್ಲೈಡಿನಿಂದ ಗೊತ್ತಾಯಿತು, ಮಲೆನಾಡಿನ ಸಮಸ್ತ ಮಕ್ಕಳ ಆಸಕ್ತಿ ಕಂಪ್ಯೂಟರ್ ಸೈನ್ಸ್. ಬೇಡ ಅನ್ನುವವರಿಗೆ ಒತ್ತಾಯ ಇಲ್ಲ. ಅವರು ಕಂಪ್ಯೂಟರಿನದೇ ಇನ್ನೊಂದು ಕವಲು ಎಐ-ಎಂಎಲ್ ತಗೋಬಹುದು. ಅದೂ ಬೇಡವೇ, ಡೇಟಾ ಸೈನ್ಸ್. ಸೈಬರ್ ಸೆಕ್ಯುರಿಟಿ. ಐಒಟಿ. ಎಷ್ಟೊಂದು ಆಯ್ಕೆ! ಒಂದು ಬ್ರಾಂಚಿಗೆ ಇಷ್ಟೇ ಸೀಟು ಅನ್ನುವ ಮಿತಿಯನ್ನು ಚೆನ್ನಾಗಿ ನಡೆಯುವ ಕಾಲೇಜುಗಳಿಗೆ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ 2024ರಲ್ಲಿ ತೆಗೆದೇಹಾಕಿತು. ಆಮೇಲೆ ಆಸಕ್ತಿ ಉಕ್ಕಿ ಹರಿಯೋದರಲ್ಲಿ ಆಶ್ಚರ್ಯ ಏನಿದೆ?

ತೀರ್ಥಹಳ್ಳಿ ಕಡೆಯ ಅಪ್ಪ ಒಬ್ಬರು ಎದ್ದು ನಿಂತು, "ನಮ್ಮ ಮಾಣಿಗೆ ಸಿವಿಲ್ ಇಷ್ಟ. ಆಗುಂಬೆ ಘಾಟಿ ಮಳೆಗಾಲ ಬಂದ್ರೆ ಜರೀತದೆ. ರಿಪೇರಿ ಮಾಡಕ್ಕೆ ಯಾರಾದ್ರೂ ಬೇಕಲ್ಲ ಮಾರಾಯ್ರೆ" ಅಂದರು. ತಜ್ಞರು ನಕ್ಕರು. ಪಾಪ, ಅವರು ವಾಪಸ್ ಹೋಗೋದು ವಿಮಾನದಲ್ಲಿ.

ಸಭಾಂಗಣದ ಹಿಂದೆ ಸ್ಟಾಲುಗಳು. ಒಂದರಲ್ಲಿ ಬೆರಳಚ್ಚು ನೋಡಿ ಕೋರ್ಸ್ ಹೇಳುತ್ತಿದ್ದರು. ತಮಾಷೆ ಅಲ್ಲ, ಇದಕ್ಕೆ ಡಿಎಂಐಟಿ ಅಂತ ಘನವಾದ ಹೆಸರಿದೆ. ಹತ್ತೂ ಬೆರಳು ಯಂತ್ರದ ಮೇಲೆ ಇಟ್ಟರೆ ಬುದ್ಧಿ ಯಾವ ಕಡೆ ವಾಲಿದೆ ಅಂತ ಬಣ್ಣಬಣ್ಣದ ರಿಪೋರ್ಟ್ ಬರುತ್ತದೆ. ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲ. ಆದರೆ ಸ್ಪೈರಲ್ ಬೈಂಡಿಂಗ್ ಇದೆ. ಹಸ್ತ ನೋಡಿ ಹೇಳುವವರು ದೇವಸ್ಥಾನದ ಮುಂದೆ ಕೂತರೆ ಮೂಢನಂಬಿಕೆ, ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರೆ ಕೌನ್ಸೆಲಿಂಗ್. ನನ್ನ ಪಕ್ಕದಲ್ಲಿದ್ದ ಹೆಂಗಸಿಗೆ ಭಾರಿ ಕುತೂಹಲ. ವರ್ಷಾನುಗಟ್ಟಲೆ ಅಡಿಕೆ ಸುಲಿದು ಅವರ ಹೆಬ್ಬೆಟ್ಟು ಸವೆದಿದೆ. ರೇಷನ್ ಅಂಗಡಿಯ ಮೆಷಿನ್ ಅವರನ್ನು ಗುರುತು ಹಿಡಿಯಲ್ಲ, ಅಕ್ಕಿ ತರಬೇಕಾದರೆ ಮಗ ಹೋಗಬೇಕು. "ಅಲ್ಲಿ ನಾನು ಯಾರು ಅಂತಲೇ ಗೊತ್ತಾಗಲ್ಲ, ಇಲ್ಲಿ ಅವನು ಎಂತ ಓದ್ಬೇಕು ಅಂತ ಗೊತ್ತಾಗ್ತದಾ?" ಅಂತ ಕೇಳಿದರು. ಸ್ಟಾಲಿನ ಹುಡುಗಿ ಜಿಎಸ್‌ಟಿ ಸೇರಿಸಿ ಎಷ್ಟಾಗುತ್ತದೆ ಅಂತ ಹೇಳಿದಳು.

ಈ ಯಂತ್ರ ನಾಲ್ಕನೇ ಶತಮಾನದಲ್ಲಿ ಇರಬೇಕಿತ್ತು. ನಮ್ಮ ಜಿಲ್ಲೆಯಿಂದ ಉನ್ನತ ಶಿಕ್ಷಣಕ್ಕೆ ಹೊರರಾಜ್ಯಕ್ಕೆ ಹೋದ ಮೊದಲಿಗರಲ್ಲಿ ಮಯೂರಶರ್ಮನೂ ಒಬ್ಬ. ಊರು ತಾಳಗುಂದ, ಈಗಿನ ಶಿಕಾರಿಪುರ ತಾಲ್ಲೂಕು. ಕಾಲೇಜು ಕಂಚಿಯ ಘಟಿಕಾಸ್ಥಾನ. ಕೋರ್ಸ್ ವೇದಾಧ್ಯಯನ. ಅಡ್ಮಿಶನ್‌ಗೆ ಜೊತೆಯಲ್ಲಿ ಹೋದವರು ಗುರು ವೀರಶರ್ಮರು. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಯಿತು. ಹುಡುಗ ಕೋರ್ಸ್ ಅರ್ಧಕ್ಕೆ ಬಿಟ್ಟ. ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿದ ಅಂತ ತಾಳಗುಂದದ ಕಂಬದ ಮೇಲೆ ಇವತ್ತಿಗೂ ಕೆತ್ತಿದೆ. ಕದಂಬರ ರಾಜ್ಯ ಹುಟ್ಟಿದ್ದು ಹಾಗೆ. ಈಗಿನ ಲೆಕ್ಕದಲ್ಲಿ ಅವನು ಡ್ರಾಪ್‌ಔಟ್. ಟಿಸಿ ಕೊಡಲು ಕಾಲೇಜಿನವರು ಉಳಿದ ವರ್ಷಗಳ ಫೀಸನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ಬನವಾಸಿ ಬದಲು ಎಜುಕೇಶನ್ ಲೋನ್ ಕಟ್ಟುತ್ತಾ ಇರುತ್ತಿದ್ದ.

ಅಷ್ಟು ಹಿಂದೆ ಯಾಕೆ ಹೋಗೋಣ. ತೀರ್ಥಹಳ್ಳಿ ತಾಲ್ಲೂಕಿನ ಗಿರೀಶ ಕಾಸರವಳ್ಳಿ ಓದಿದ್ದು ಮಣಿಪಾಲದಲ್ಲಿ ಬಿ.ಫಾರ್ಮಾ. ಆಮೇಲೆ ಪುಣೆಗೆ ಹೋಗಿ ಸಿನಿಮಾ ಕಲಿತರು. 1977ರ ಮೊದಲ ಚಿತ್ರಕ್ಕೇ ಸ್ವರ್ಣಕಮಲ ಬಂತು. ಬೆರಳಚ್ಚಿನ ಯಂತ್ರ ಆಗ ಇದ್ದಿದ್ದರೆ ಒಂದು ಒಳ್ಳೆ ಮೆಡಿಕಲ್ ಶಾಪ್ ಆಗುತ್ತಿತ್ತು.

ಸರ್ಕಾರವೂ ಸುಮ್ನೆ ಕೂತಿಲ್ಲ. ಸಿಇಟಿ ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರದ ನಾಲ್ಕು ಚಾಯ್ಸ್ ನಿಮಗೆ ಗೊತ್ತೇ ಇದೆ. ಒಂದು, ಸೀಟು ಒಪ್ಪಿಗೆ, ಸೇರುತ್ತೇನೆ. ಎರಡು, ಇದು ಇರಲಿ, ಆದರೆ ಇನ್ನೂ ಒಳ್ಳೆಯದು ಬಂದರೆ ಅದಕ್ಕೆ ಹೋಗುತ್ತೇನೆ. ಮೂರು, ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕು, ನಿಮ್ಮ ಸಹವಾಸವೇ ಬೇಡ. ಹೆಣ್ಣು ನೋಡಲು ಹೋದವರು ಚಾಯ್ಸ್ ಎರಡು ಅಂದಿದ್ದರೆ ನಮ್ಮ ಕಡೆ ಕಾಫಿ ಲೋಟ ವಾಪಸ್ ಒಳಗೆ ಹೋಗುತ್ತಿತ್ತು.

ಹೆಣ್ಣಿನ ಮಾತು ಬಂತಲ್ಲ, ನಿಜವಾದ ಮಾರ್ಗದರ್ಶನ ನಡೆಯೋದು ಅಲ್ಲೇ. ಎಷ್ಟು ಎಕರೆ ತೋಟ ಇದ್ದರೂ ಊರಲ್ಲಿರುವ ಹುಡುಗನಿಗೆ ಹೆಣ್ಣು ಸಿಗಲ್ಲ. ಹುಡುಗ ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆ ಇದ್ದಾನೆ ಅಂದರೆ ಜಾತಕ ತಾನಾಗಿ ಕೂಡುತ್ತದೆ. ಆದ್ದರಿಂದ ಎಲೆಚುಕ್ಕಿ ರೋಗ ಬಂದ ತೋಟದಲ್ಲಿ ಅಪ್ಪ ಒಬ್ಬರೇ ಬೋರ್ಡೊ ಔಷಧಿ ಹೊಡೆಸಲು ಜನ ಹುಡುಕುತ್ತಿರುತ್ತಾರೆ. ಮಗ ದೂರದಲ್ಲಿ ಇನ್ಯಾರದೋ ದೇಶದ ಪಿಜ್ಜಾ ಆಪ್ ರಿಪೇರಿ ಮಾಡುತ್ತಿರುತ್ತಾನೆ. ನಮ್ಮಲ್ಲಿ 2012ರಿಂದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ. ಬಿಎಸ್ಸಿ ಅಗ್ರಿಗೆ ಒಳ್ಳೆ ಬೇಡಿಕೆಯೂ ಇದೆ. ಯಾಕೆ ಅಂತ ಕೇಳಿ ನೋಡಿ: ಬ್ಯಾಂಕ್ ಪರೀಕ್ಷೆಗೆ ಅನುಕೂಲ ಅಂತೆ. ತೋಟಕ್ಕೆ ವಾಪಸ್ ಹೋಗಬಾರದು ಅಂತಲೇ ಕೃಷಿಕರ ಕೋಟಾದಲ್ಲಿ ಅರ್ಜಿ ಹಾಕುವ ಜಾಣರು ನಾವು.

ಸ್ನೇಹಿತರ ಮಗಳ ವಿಷಯಕ್ಕೆ ಬರುತ್ತೇನೆ. ಊರು ಹೊಸನಗರದ ಕಡೆ. ಶಾಲೆಯಿಂದ ಒಂದು ಸಲ ಅಲ್ಲೇ ನಗರ ಅನ್ನೋ ಊರಿನ ಕೋಟೆಗೆ ಕರೆದುಕೊಂಡು ಹೋಗಿದ್ದರು. ಆವತ್ತಿನಿಂದ ಹುಚ್ಚು, ಹಿಸ್ಟರಿ ಓದಬೇಕು ಅಂತ. ಪ್ರಶ್ನೋತ್ತರದ ಹೊತ್ತಲ್ಲಿ ಧೈರ್ಯ ಮಾಡಿ ಕೇಳಿದಳು. "ಒಳ್ಳೇದಮ್ಮ, ಹವ್ಯಾಸವಾಗಿ ಇಟ್ಕೊ" ಅಂದರು ತಜ್ಞರು. ಮತ್ತೆ ಚಪ್ಪಾಳೆ.

ಇಲ್ಲಿ ನನಗೆ ತಮಾಷೆ ಮಾಡೋಕೆ ಆಗಲ್ಲ. ತಾಳಗುಂದದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನ ಕ್ರಿ.ಶ. 370ರದ್ದು, ಹಲ್ಮಿಡಿಗಿಂತ ಹಳೆಯದು ಅಂತ ಪುರಾತತ್ವ ಇಲಾಖೆ ಹೇಳಿದಾಗ ಜಿಲ್ಲೆಯ ಪ್ರತಿ ವೇದಿಕೆಯಲ್ಲೂ ಎದೆ ತಟ್ಟಿಕೊಂಡೆವು. ಕೆಳದಿ, ಇಕ್ಕೇರಿ, ಬಳ್ಳಿಗಾವಿ ಅಂತ ರಾಜ್ಯೋತ್ಸವದ ಭಾಷಣದಲ್ಲಿ ಉರು ಹೊಡೆದು ಹೇಳುತ್ತೇವೆ. ಆ ಕಲ್ಲು ಓದಲು ಕಲಿಯುತ್ತೇನೆ ಅಂತ ಒಬ್ಬಳು ಹುಡುಗಿ ಎದ್ದು ನಿಂತರೆ, ಹವ್ಯಾಸ. ತಜ್ಞರು ಹೇಳಿದ್ದು ಸುಳ್ಳೂ ಅಲ್ಲ, ಅದೇ ಸಿಟ್ಟು ಬರೋದು. ಹಿಸ್ಟರಿ ಎಂಎ ಮಾಡಿ, ಪಿಎಚ್‌ಡಿ ಮಾಡಿ, ಸರ್ಕಾರಿ ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿ ಕೂದಲು ಹಣ್ಣಾದವರನ್ನು ನೋಡಿದ್ದೇವೆ. ವರ್ಷಗಟ್ಟಲೆ ಅತಿಥಿ! ಖಾಯಂ ಮಾಡಿ ಅಂತ 2023ರ ಕೊನೆಯಲ್ಲಿ ಅವರು ಬೀದಿಗೆ ಬಂದು ಕೂತಾಗ, ಪಾಠ ನಿಂತು ಮಕ್ಕಳಿಗೆ ತೊಂದರೆ ಆಯಿತು ಅಂತ ಅವರನ್ನೇ ಬೈದೆವು. ಓದಿದವರಿಗೆ ಕೆಲಸ ಕೊಡದ ಸರ್ಕಾರವೇ ಆಸಕ್ತಿ ಇರೋದನ್ನು ಓದಿ ಅಂತ ಜಾಹೀರಾತು ಕೊಡುತ್ತದೆ.

ಹೋಗಲಿ, ಬಿಎ ಆದರೂ ಸೇರಲಿ ಅಂದರೆ ಬಸ್ಸಿಲ್ಲ. ಶಕ್ತಿ ಯೋಜನೆ ಬಂದು ರಾಜ್ಯದ ಹೆಣ್ಣುಮಕ್ಕಳಿಗೆಲ್ಲ ಬಸ್ಸು ಉಚಿತ ಆಯಿತು. ಅದು ಸರ್ಕಾರಿ ಬಸ್ಸಿನಲ್ಲಿ. ನಮ್ಮ ಘಟ್ಟದ ಎಷ್ಟೋ ಊರಿನ ಮಕ್ಕಳು ಸರ್ಕಾರಿ ಬಸ್ಸು ನೋಡೋದು ಪೇಪರಿನಲ್ಲೇ. ಓಡಾಡೋದು ಖಾಸಗಿ ಬಸ್ಸು, ಅದೂ ಬೆಳಿಗ್ಗೆ ಒಂದು ಸಂಜೆ ಒಂದು. ಸಂಜೆಯದು ತಪ್ಪಿದರೆ ಅಪ್ಪ ಬೈಕ್ ತಗೊಂಡು ಬರಬೇಕು.

ಹುಡುಗಿ ಈಗ ಬಿಸಿಎ ಸೇರಿದ್ದಾಳೆ. ಬೆರಳಚ್ಚೂ ಹೇಳಿದ್ದಲ್ಲ, ತಜ್ಞರೂ ಹೇಳಿದ್ದಲ್ಲ. ಆ ಕಾಲೇಜಿನ ವ್ಯಾನ್ ಇವರ ಊರಿನ ಕ್ರಾಸ್ ತನಕ ಬರುತ್ತದೆ. ವ್ಯಾನ್ ಫೀಸು ಬೇರೆ.